ಕೋಪವು ಪಿತ್ರಾರ್ಜಿತವಾಗಬಲ್ಲುದೆ?

ಲೋಕದಲ್ಲಿ ಕಲಾಕೃತಿಗಳು ಎರಡು ಬಗೆಯಾಗಿ ಹುಟ್ಟುವುದನ್ನು ಕಾಣುತ್ತೇವೆ. ಕೆಲವು ಕೃತಿಗಳು ಮುಂದೆ ಬರುವ ಸಹೃದಯರನ್ನು ಮನಸ್ಸಿನಲ್ಲಿಟ್ಟುಕೊಂಡು, ನಿಧಾನವಾಗಿ, ಹದವರಿತು ಹುಟ್ಟುತ್ತವೆ. ಮತ್ತೆ ಕೆಲವು ಆ ದಿನದ ಅಗತ್ಯಕ್ಕಾಗಿ, ಆ ದಿನದ ಜನರನ್ನು ಕುರಿತು, ನಾಳೆಯ ಹಂಗಿಲ್ಲದೆ ಹುಟ್ಟುತ್ತವೆ. ಮೊದಲನೆಯವು ಕಾಲಾಂತರದಲ್ಲಿ ನಿಂತಾವೆ ಎಂದು ಕೇಳುವುದು ಸಹಜವೇ ಸರಿ. ಎರಡನೆಯವನ್ನು ಕುರಿತು ಹಾಗೆ ಕೇಳುವುದೇ ಅನ್ಯಾಯವೆಂದು ಕೆಲವರು ಹೇಳಬಹುದು. ಬಾಣವನ್ನು ಹಚ್ಚಿ ಬಿಟ್ಟು, ಅದು ನಂದಾದೀಪದಂತೆ ಉರಿಯಲಿಲ್ಲವೆಂದು ದೂರುವುದುಂಟೆ? ಆದರೂ, ಒಂದು ಹೊತ್ತಿಗೆಂದು ಹಚ್ಚಿದ ಬೆಂಕಿಯು ಕೆಲವೊಮ್ಮೆ ಆರದೆ ಉಳಿಯುವುದು. ಹೀಗೆ ಉಳಿಯುವುದು ಏತರಿಂದ, ಉಳಿದುದರಲ್ಲಿ ಬೆಂಕಿಯೆಷ್ಟು ಬೂದಿಯೆಷ್ಟು ಎಂಬುದು ವಿಚಾರಕ್ಕೆ ತಕ್ಕ ವಿಷಯವಾಗಿದೆ.

ಈ ವಿಚಾರಕ್ಕೆ ನಾನು ಆರಿಸಿಕೊಂಡಿರುವ ನಿದರ್ಶನವು ಇಂಗ್ಲೆಂಡಿನ ‘ದಿ ಕ್ಲ್ಯಾಷ್’ ಎಂಬ ಗಾಯಕಮೇಳ. ನಮ್ಮ ಪತ್ರಿಕೆಯ ವಾಚಕರಲ್ಲಿ ಹಲವರು ಇದನ್ನು ಕಂಡು ಹುಬ್ಬೇರಿಸಬಹುದು. ಆ ಮೇಳವು ಲಂಡನ್ನಿನಲ್ಲಿ ಹಾಡುತ್ತಿದ್ದ ವರ್ಷಗಳಲ್ಲಿ ನಾನು ಪಾಠಶಾಲೆಯಲ್ಲಿ ಕುಳಿತು ಶಬ್ದರೂಪಗಳನ್ನು ಉರುಹೊಡೆಯುತ್ತಿದ್ದೆನು. ಅವರ ಹೆಸರೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಬಹುಕಾಲದ ಮೇಲೆ ಮನೆಯ ಮಕ್ಕಳ ದೆಸೆಯಿಂದ ಕೇಳಿದೆನು. ಗದ್ದಲದಲ್ಲಿ ಮಾತು ತಿಳಿಯದೆ, ಪದಗಳನ್ನು ಎದುರಿಗಿಟ್ಟುಕೊಂಡು ಓದಿದೆನು. ಹಳೆಯ ಗ್ರಂಥಗಳನ್ನು ಹೊಸ ಮಕ್ಕಳಿಗೆ ಒಪ್ಪಿಸುವುದೇ ನನ್ನ ಜೀವಮಾನದ ವೃತ್ತಿಯಾಗಿದ್ದಿತು. ಒಂದು ತಲೆಮಾರಿನ ಸೊತ್ತು ಮತ್ತೊಂದು ತಲೆಮಾರಿಗೆ ಹೇಗೆ ಸಲ್ಲುವುದು, ಸಲ್ಲದೆ ಹೇಗೆ ಹೋಗುವುದು ಎಂಬುದು ನನಗೆ ದಿನನಿತ್ಯದ ಕಳವಳವಾಗಿದ್ದಿತು. ಆದುದರಿಂದ ದೂರದ ಈ ಮೇಳದ ವಿಷಯದಲ್ಲಿ ಆ ನಾಡಿನ ಹಿರಿಯರೂ ಕಿರಿಯರೂ ನಡೆಸುತ್ತಿರುವ ವಾದವು ನನಗೆ ಪರಕೀಯವಾಗಿ ತೋರಲಿಲ್ಲ.

ಮೊದಲು ಸಂಗತಿಗಳನ್ನು ನೋಡೋಣ. ೧೯೭೬ರ ಇಂಗ್ಲೆಂಡು ಸುಖದಲ್ಲಿರಲಿಲ್ಲ. ಕೆಲಸವಿಲ್ಲದವರ ಸಂಖ್ಯೆ ೧೦ ಲಕ್ಷವನ್ನು ಮೀರಿದ್ದಿತು; ಸರಕಾರವು ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಸಾಲ ಬೇಡುವ ಸ್ಥಿತಿಗೆ ಇಳಿದಿದ್ದಿತು. ವಲಸೆ ಬಂದ ಕರಿಯರನ್ನೂ ಭಾರತೀಯರನ್ನೂ ದ್ವೇಷಿಸುವ ‘ನ್ಯಾಷನಲ್ ಫ್ರಂಟ್’ ಎಂಬ ಪಕ್ಷವು ಬೀದಿಗಳಲ್ಲಿ ಮೆರವಣಿಗೆ ಹೊರಡುತ್ತಿದ್ದಿತು. ಅಂದಿನ ಪ್ರಸಿದ್ಧ ಸಂಗೀತವಾದರೋ ಸಾಹುಕಾರಿಕೆಯ ಆಡಂಬರದಲ್ಲಿ ಮುಳುಗಿದ್ದಿತು. ಈ ಕಾಲದಲ್ಲಿ ಹುಟ್ಟಿದುದೇ ‘ಪಂಕ್’ ಎಂಬ ಪದ್ಧತಿ. ವಿದ್ಯೆಯ ಪರಿಪಾಕವನ್ನು ಕಾಯದೆ, ಮೂರು ನಾಲ್ಕು ಸ್ವರಮೇಳಗಳನ್ನು ಬಲ್ಲ ಹುಡುಗನೂ ಹೇಳಬೇಕಾದ ಮಾತನ್ನು ಕೂಗಿ ಹೇಳಬಹುದೆಂಬುದು ಇದರ ಮೂಲತತ್ತ್ವ.

‘ಕ್ಲ್ಯಾಷ್’ ಮೇಳವು ಲಂಡನ್ನಿನಲ್ಲಿ ಕೂಡಿದುದು ೧೯೭೬ರಲ್ಲಿ. ಜೋ ಸ್ಟ್ರಮ್ಮರ್, ಮಿಕ್ ಜೋನ್ಸ್, ಪಾಲ್ ಸಿಮೋನನ್ ಎಂಬ ಮೂವರು ಮುಖ್ಯರು. ಮುಂದೆ ಟಾಪರ್ ಹೆಡನ್ ಎಂಬವನು ಡ್ರಮ್ ಬಾರಿಸಲು ಸೇರಿಕೊಂಡನು. ಸ್ಟ್ರಮ್ಮರನ ನಿಜನಾಮಧೇಯ ಜಾನ್ ಮೆಲರ್. ಅವನ ತಂದೆಯು ನಮ್ಮ ಲಖನೌ ನಗರದಲ್ಲಿ ಹುಟ್ಟಿ ಬ್ರಿಟಿಷ್ ವಿದೇಶಾಂಗ ಶಾಖೆಯಲ್ಲಿ ನೌಕರಿ ಮಾಡಿದವನು. ಮಗನು ೧೯೫೨ರಲ್ಲಿ ತುರ್ಕಿಯ ಅಂಕಾರದಲ್ಲಿ ಹುಟ್ಟಿ, ವಸತಿಶಾಲೆಯಲ್ಲಿ ಓದಿದವನು. ೧೯೭೭ರಲ್ಲಿ ಹೊರಬಂದ ಮೊದಲನೆಯ ಧ್ವನಿಮುದ್ರಿಕೆಯಿಂದ ೧೯೮೨ರ ‘ಕಾಂಬ್ಯಾಟ್ ರಾಕ್’ವರೆಗೆ ಅವರ ಸಾರವತ್ತಾದ ಕಾಲವು ಐದಾರು ವರ್ಷ ಮಾತ್ರ. ೧೯೮೨ರಲ್ಲಿ ಮಾದಕವಸ್ತುವಿನ ಚಟಕ್ಕೆ ಸಿಕ್ಕಿದ್ದ ಹೆಡನ್‌ನನ್ನೂ, ಮರುವರ್ಷ ಜೋನ್ಸ್‌ನನ್ನೂ ಹೊರಹಾಕಿದರು. ೧೯೮೬ರ ಹೊತ್ತಿಗೆ ಮೇಳವು ಚದುರಿಹೋಯಿತು.

ಇನ್ನು ಪೂರ್ವಪಕ್ಷ. ಈ ಹಾಡುಗಳು ಇಂದಿನ ತರುಣರಿಗೆ ಸಲ್ಲುವುದಿಲ್ಲ ಎನ್ನುವವರು ಮೂರು ಕಾರಣಗಳನ್ನು ಮುಂದಿಡುತ್ತಾರೆ.

ಮೊದಲನೆಯದು: ಕೋಪವು ಕಾಲಬದ್ಧವಾದುದು. ೧೯೭೭ರಲ್ಲಿ ಲಂಡನ್ನಿನ ನಿರುದ್ಯೋಗಿಯು ಕೂಗಿದ ಕೂಗು, ಐವತ್ತು ವರ್ಷಗಳ ಬಳಿಕ ಬೇರೊಂದು ಊರಿನ ಹದಿನಾರರ ಹುಡುಗನಿಗೆ ಏತಕ್ಕೆ? ತಾತನ ಕಾಲದ ವ್ಯಾಜ್ಯದ ಕಾಗದಗಳನ್ನು ಮೊಮ್ಮಗನು ಓದಿ ಉದ್ರೇಕಗೊಳ್ಳುವನೆ?

ಎರಡನೆಯದು: ಆ ಬಂಡಾಯವು ಅಂಗಡಿಯ ಸರಕಾಗಿಹೋಯಿತು. ಮೇಳವು ೧೯೭೭ರ ಜನವರಿಯಲ್ಲಿಯೇ ‘ಸಿ.ಬಿ.ಎಸ್.’ ಎಂಬ ದೊಡ್ಡ ಕಂಪನಿಯೊಡನೆ ಒಂದು ಲಕ್ಷ ಪೌಂಡುಗಳ ಕರಾರಿಗೆ ಸಹಿ ಹಾಕಿತು. ಅವರ ಒಂದು ಹಾಡು ೧೯೯೧ರಲ್ಲಿ ‘ಲೀವೈಸ್’ ಷರಾಯಿಯ ಜಾಹೀರಾತಿನಲ್ಲಿ ಸೇರಿ, ಆ ಬಲದಿಂದಲೇ ಇಂಗ್ಲೆಂಡಿನಲ್ಲಿ ಮೊದಲನೆಯ ಸ್ಥಾನಕ್ಕೆ ಏರಿತು. ಮೇಳವಿದ್ದಾಗ ಆ ಸ್ಥಾನವು ಅವರಿಗೆ ಒಮ್ಮೆಯೂ ದೊರೆತಿರಲಿಲ್ಲ. ೧೯೭೯ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ಸಿಮೋನನ್ನನು ರೇಗಿ ನೆಲಕ್ಕಪ್ಪಳಿಸಿ ಮುರಿದ ಗಿಟಾರಿನ ಚೂರುಗಳನ್ನು ೨೦೧೯ರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಪ್ರದರ್ಶಿಸಿದರು. ಮುರಿದುದನ್ನು ಪೂಜಿಸುವಲ್ಲಿ ಬಂಡಾಯವೆಲ್ಲಿ ಉಳಿಯಿತು?

ಮೂರನೆಯದು ಎಲ್ಲಕ್ಕಿಂತ ತೀಕ್ಷ್ಣವಾದುದು: ಅವರ ಕೋಪವೇ ಶುದ್ಧವಾಗಿರಲಿಲ್ಲ. ವಿದೇಶಾಂಗ ನೌಕರನ ಮಗನು ಬೀದಿಯ ಬಡವನಂತೆ ವೇಷ ತೊಟ್ಟನು. ೧೯೭೮ರ ಏಪ್ರಿಲ್ ೩೦ರಂದು ವರ್ಣದ್ವೇಷವನ್ನು ವಿರೋಧಿಸಲು ನೆರೆದ ಸಭೆಯಲ್ಲಿಯೇ ಸ್ಟ್ರಮ್ಮರನು ಇಟಲಿಯ ‘ರೆಡ್ ಬ್ರಿಗೇಡ್ಸ್’ ಎಂಬ ಘಾತುಕರ ಹೆಸರುಳ್ಳ ಅಂಗಿಯನ್ನು ಧರಿಸಿದ್ದನು. ಆ ಹೊತ್ತಿನಲ್ಲಿ ಆ ಘಾತುಕರ ಸೆರೆಯಲ್ಲಿ ಇಟಲಿಯ ಮಾಜಿ ಪ್ರಧಾನಿ ಆಲ್ಡೊ ಮೋರೊ ಇದ್ದನು. ಮೇ ೯ರಂದು ಅವನನ್ನು ಕೊಂದರು. ಕ್ರೌರ್ಯವನ್ನು ಖಂಡಿಸಲು ಬಂದವನು ಮತ್ತೊಂದು ಕ್ರೌರ್ಯವನ್ನು ಎದೆಯ ಮೇಲೆ ಅಲಂಕಾರವಾಗಿ ಧರಿಸಬಹುದೆ?

ಈ ಮೂರು ಆಕ್ಷೇಪಗಳನ್ನೂ ತಳ್ಳಿಹಾಕತಕ್ಕುದಲ್ಲ. ಕೊನೆಯದನ್ನಂತೂ ಪೂರ್ಣವಾಗಿ ಒಪ್ಪಲೇಬೇಕು. ಆ ಅಂಗಿಯು ತಪ್ಪು. ಅದಕ್ಕೆ ಯೌವನದ ನೆಪ ಸಾಲದು. ತಂದೆಯ ಹುದ್ದೆಯ ಮಾತು ಮಾತ್ರ ವಾದವಲ್ಲ. ಅರಮನೆಯಲ್ಲಿ ಹುಟ್ಟಿದವನಿಗೆ ಲೋಕದ ದುಃಖವನ್ನು ಕುರಿತು ಮಾತನಾಡುವ ಅಧಿಕಾರವಿಲ್ಲವೆಂದರೆ ಬುದ್ಧನ ಬಾಯನ್ನೇ ಮುಚ್ಚಿಸಬೇಕಾಗುವುದು. ಎಲ್ಲಿ ಹುಟ್ಟಿದನೆಂಬುದಲ್ಲ, ಯಾವ ಕಡೆಗೆ ನಡೆದನೆಂಬುದು ಪ್ರಶ್ನೆ.

ಮೊದಲನೆಯ ಆಕ್ಷೇಪವೇ ನಮ್ಮ ವಿಷಯದ ಹೃದಯ. ಇದನ್ನು ಬಿಡಿಸಲು ನಮ್ಮ ಆಲಂಕಾರಿಕರ ನೆರವನ್ನು ಪಡೆಯುತ್ತೇನೆ. ಲೋಕದಲ್ಲಿ ಕಾಣುವ ಕ್ರೋಧವು ಭಾವ. ಕಾವ್ಯದಲ್ಲಿ ಆಸ್ವಾದ್ಯವಾಗುವುದು ರಸ. ನೆರೆಮನೆಯವನು ನನ್ನ ಬೇಲಿಯನ್ನು ಕಿತ್ತರೆ ನನಗೆ ಬರುವ ಕೋಪವು ನನ್ನದು ಮಾತ್ರ. ಬೇಲಿಯು ಸರಿಹೋದೊಡನೆ ಅದು ಶಮಿಸುವುದು. ನನ್ನ ಮಗನಿಗೆ ಅದನ್ನು ಬರೆದಿಟ್ಟು ಹೋಗುವುದು ಮೂರ್ಖತನ. ಇದು ರಸವಾಗಬೇಕಾದರೆ ‘ನನ್ನದು’, ‘ಅವನದು’ ಎಂಬ ಕಟ್ಟುಗಳು ಸಡಿಲಬೇಕು. ಇದಕ್ಕೇ ಭಟ್ಟನಾಯಕನು ಸಾಧಾರಣೀಕರಣವೆಂದು ಹೆಸರಿಟ್ಟನು.

ಈ ಕಟ್ಟು ಸಡಿಲುವ ಬಗೆಗಳಲ್ಲಿ ಒಂದು ವಿಶೇಷವಾಗಿ ಗಮನಾರ್ಹವಾಗಿದೆ. ತನ್ನ ನೋವಿನಿಂದ ಹುಟ್ಟಿದ ಕೋಪವೊಂದು. ಪರರ ನೋವನ್ನು ಕಂಡು ಹುಟ್ಟಿದ ಕೋಪ ಮತ್ತೊಂದು. ಆದಿಕವಿಯ ಕಥೆಯನ್ನು ನೆನೆಯಿರಿ. ಬೇಡನ ಬಾಣವು ತಗುಲಿದುದು ಕ್ರೌಂಚಪಕ್ಷಿಗೆ, ವಾಲ್ಮೀಕಿಗಲ್ಲ. ಆದರೂ ಋಷಿಯ ಬಾಯಿಂದ ಶಾಪವು ಹೊರಟಿತು, ಆ ಶಾಪವೇ ಶ್ಲೋಕವಾಯಿತು. ನಾವು ಅದನ್ನು ಇಂದಿಗೂ ಮನ್ನಿಸುವುದೇಕೆ? ಹಕ್ಕಿಯ ನೋವಿನಿಂದ ಋಷಿಯು ಎಷ್ಟು ದೂರದಲ್ಲಿದ್ದನೋ ನಾವೂ ಅಷ್ಟೇ ದೂರದಲ್ಲಿದ್ದೇವೆ. ಅವನು ನಿಂತ ಸ್ಥಳದಲ್ಲಿ ನಾವೂ ನಿಲ್ಲಬಹುದು. ತನಗಾಗಿ ಕೋಪಿಸಿದವನ ಸ್ಥಾನದಲ್ಲಿ ಮತ್ತೊಬ್ಬನು ನಿಲ್ಲಲಾರನು. ಪರರಿಗಾಗಿ ಕೋಪಿಸಿದವನ ಪಕ್ಕದಲ್ಲಿ ಯಾರು ಬೇಕಾದರೂ, ಯಾವ ಕಾಲದಲ್ಲಿ ಬೇಕಾದರೂ ನಿಲ್ಲಬಹುದು. ಈ ಸಾಮಾನ್ಯ ಸೂತ್ರವನ್ನು ಹಿಡಿದು ಕ್ಲ್ಯಾಷ್ ಮೇಳದ ಹಾಡುಗಳನ್ನು ತೂಗಿದರೆ ಯಾವುದು ಬೂದಿ, ಯಾವುದು ಕೆಂಡ ಎಂಬುದು ತಾನಾಗಿ ಬೇರ್ಪಡುವುದು.

೧೯೭೭ರ ಮಾರ್ಚಿಯಲ್ಲಿ ಬಂದ ಅವರ ಮೊದಲನೆಯ ಬಿಡಿ ಹಾಡು ‘ವೈಟ್ ರಾಯಟ್’. ಹಿಂದಿನ ವರ್ಷದ ಆಗಸ್ಟಿನಲ್ಲಿ ಲಂಡನ್ನಿನ ನಾಟಿಂಗ್ ಹಿಲ್ ಉತ್ಸವದಲ್ಲಿ ಕರಿಯ ತರುಣರಿಗೂ ಪೋಲೀಸರಿಗೂ ನಡೆದ ಗಲಭೆಯನ್ನು ಸ್ಟ್ರಮ್ಮರನೂ ಸಿಮೋನನ್ನನೂ ಕಣ್ಣಾರೆ ಕಂಡಿದ್ದರು. ಕರಿಯರು ಅನ್ಯಾಯವನ್ನು ಎದುರಿಸಿದಂತೆ ಬಿಳಿಯ ತರುಣರೇಕೆ ಎದುರಿಸುವುದಿಲ್ಲವೆಂಬುದು ಹಾಡಿನ ತಾತ್ಪರ್ಯ. ಆದರೆ ಹಾಡಿನ ಹೆಸರನ್ನಷ್ಟೇ ಕೇಳಿ, ಇದು ಬಿಳಿಯರ ದಂಗೆಗೆ ಕರೆಯೆಂದು ವಿಪರೀತಾರ್ಥ ಮಾಡಿಕೊಂಡವರೂ ಉಂಟು. ಇಲ್ಲಿ ಕೋಪವು ಇನ್ನೂ ‘ನಮ್ಮ ಪಾಲಿನದೆಲ್ಲಿ’ ಎಂದು ಕೇಳುವ ಕೋಪ. ಇದರಲ್ಲಿ ವೇಗವಿದೆ, ನಡುಕವಿದೆ. ಆದರೆ ಟಿಪ್ಪಣಿಯಿಲ್ಲದೆ ಇಂದಿನ ಕಿವಿಗೆ ಇದು ನೇರವಾಗಿ ಮುಟ್ಟದು. ಮುಟ್ಟಿದರೂ, ಕೇಳುವ ಹುಡುಗನು ತನ್ನದೇ ಆದ ಬೇರೆ ಕೋಪವನ್ನು ಅದರೊಳಗೆ ತುಂಬಿಕೊಳ್ಳುತ್ತಾನೆ. ಅದು ತಪ್ಪೇನೂ ಅಲ್ಲ; ಆದರೆ ಅದನ್ನು ಪಿತ್ರಾರ್ಜಿತವೆನ್ನಲಾಗದು, ಕೈಗಡವೆನ್ನಬೇಕು.

ಮರುವರ್ಷದಲ್ಲಿಯೇ ದಾರಿ ತಿರುಗಿತು. ೧೯೭೮ರ ಒಂದು ಹಾಡಿನಲ್ಲಿ ಸ್ಟ್ರಮ್ಮರನು ಹ್ಯಾಮರ್‌ಸ್ಮಿತ್ತಿನ ನಾಟ್ಯಶಾಲೆಯಲ್ಲಿ ಜಮೈಕದ ಗಾಯಕರನ್ನು ಕೇಳಲು ಹೋದ ಬಿಳಿಯನಾಗಿ ತನ್ನನ್ನೇ ಚಿತ್ರಿಸಿಕೊಂಡು, ತನ್ನ ಕಲ್ಪನೆಗಳನ್ನೂ, ಬಂಡಾಯವನ್ನು ಹಣ ಮಾಡಿಕೊಳ್ಳುವ ಜೊತೆಯ ಗಾಯಕರನ್ನೂ ಹಳಿದನು. ಕೂಗಲು ಬಂದವನು ಕೇಳಲು ಕುಳಿತನು. ಅಲ್ಲಿಂದ ಮುಂದೆ ಅವರ ಹಾಡುಗಳಲ್ಲಿ ಜಮೈಕದ ರೆಗೆ, ಅಮೆರಿಕದ ಕರಿಯರ ತಾಳಗತಿಗಳು ಮೊದಲಾದುವು ಬೆರೆಯುತ್ತ ಹೋದುವು. ಸಂಗೀತದೊಡನೆ ಪರರ ದುಃಖವೂ ಒಳಗೆ ಬಂದಿತು. ೧೯೭೯ರ ‘ಲಂಡನ್ ಕಾಲಿಂಗ್’ನಲ್ಲಿ ಸ್ಪೇನಿನ ಅಂತರ್ಯುದ್ಧದ ಸ್ಮರಣೆಯುಂಟು. ಅದರ ಶೀರ್ಷಿಕೆಯ ಹಾಡು ಅದೇ ವರ್ಷ ಅಮೆರಿಕದ ಥ್ರೀ ಮೈಲ್ ಐಲೆಂಡಿನಲ್ಲಿ ನಡೆದ ಪರಮಾಣು ಸ್ಥಾವರದ ಅಪಘಾತದ ನೆರಳಿನಲ್ಲಿ, ನದಿಯು ಉಕ್ಕಿ ನಗರವು ಮುಳುಗುವ ಭೀತಿಯಲ್ಲಿ ಬರೆದುದು. ಹವೆಯೂ ಸಮುದ್ರವೂ ಕೆಡುತ್ತಿರುವ ಇಂದಿನ ದಿನದಲ್ಲಿ ಇದಕ್ಕೆ ಟಿಪ್ಪಣಿಯೇ ಬೇಕಾಗಿಲ್ಲ. ೧೯೮೦ರ ‘ಸ್ಯಾಂಡಿನೀಸ್ತಾ’ದ ಒಂದು ಹಾಡು ಚಿಲಿಯಲ್ಲಿ ಅಮೆರಿಕದ ಕೈವಾಡವನ್ನು ಖಂಡಿಸಿ, ಅಷ್ಟಕ್ಕೇ ನಿಲ್ಲದೆ ಆಫ್ಘಾನಿಸ್ತಾನದಲ್ಲಿ ರಷ್ಯದವರನ್ನೂ, ಟಿಬೆಟ್ಟಿನಲ್ಲಿ ಚೀನದವರನ್ನೂ ಅದೇ ಉಸಿರಿನಲ್ಲಿ ಹಿಡಿಯುವುದು. ತನ್ನ ಪಕ್ಷದವರ ತಪ್ಪನ್ನು ಬಿಟ್ಟುಕೊಟ್ಟು ಎದುರು ಪಕ್ಷದ ತಪ್ಪನ್ನೇ ಎಣಿಸುವ ಕೋಪವು ಕೋಪವಲ್ಲ, ವಕಾಲತ್ತು. ಘಾತುಕರ ಅಂಗಿಯನ್ನು ತೊಟ್ಟವನು ಎರಡೇ ವರ್ಷಗಳಲ್ಲಿ ಈ ಸಮದೃಷ್ಟಿಗೆ ಬಂದನೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಇದಕ್ಕೆಲ್ಲ ಕಿರೀಟಪ್ರಾಯವಾದುದು ೧೯೮೨ರ ‘ಸ್ಟ್ರೈಟ್ ಟು ಹೆಲ್’ ಎಂಬ ಹಾಡು. ಅದರಲ್ಲಿ ಕೂಗಾಟವಿಲ್ಲ. ಅಮೆರಿಕದ ಸೈನಿಕರು ವಿಯೆಟ್ನಾಮಿನಲ್ಲಿ ಹುಟ್ಟಿಸಿ ಬಿಟ್ಟುಹೋದ ಮಕ್ಕಳು ತಂದೆಯರ ನಾಡಿಗೆ ತಮ್ಮನ್ನೂ ಕರೆದೊಯ್ಯೆಂದು ಬೇಡುವುದು, ಇಂಗ್ಲೆಂಡಿಗೆ ಬಂದ ವಲಸೆಗಾರನಿಗೆ ಬಾಗಿಲು ಮುಚ್ಚುವುದು ಇವೇ ಅದರ ವಸ್ತು. ರೌದ್ರವು ಕರುಣಕ್ಕೆ ತಿರುಗಿದೆ. ಈ ಹಾಡಿನ ಸ್ವರಾವಳಿಯನ್ನೇ ತೆಗೆದುಕೊಂಡು ೨೦೦೭ರಲ್ಲಿ ‘ಎಂ.ಐ.ಎ.’ ಎಂದು ಪ್ರಸಿದ್ಧಳಾದ ಗಾಯಕಿ ಮಾಯಾ ಅರುಳ್‌ಪ್ರಗಾಸಂ ‘ಪೇಪರ್ ಪ್ಲೇನ್ಸ್’ ಎಂಬ ತನ್ನ ಹಾಡನ್ನು ಕಟ್ಟಿದಳು. ಈಕೆ ಶ್ರೀಲಂಕೆಯ ತಮಿಳು ಮನೆತನದವಳು; ಬಾಲ್ಯವನ್ನು ಯಾಳ್ಪಾಣದಲ್ಲಿ ಕಳೆದು, ಯುದ್ಧದ ಕಾರಣ ಲಂಡನ್ನಿಗೆ ನಿರಾಶ್ರಿತಳಾಗಿ ಬಂದವಳು. ವಲಸೆಗಾರರನ್ನು ಕುರಿತ ಲೋಕದ ಸಂದೇಹವನ್ನು ಆಕೆ ಆ ಹಾಡಿನಲ್ಲಿ ಅಣಕಿಸಿದಳು. ೨೦೦೮ರ ‘ಸ್ಲಮ್‌ಡಾಗ್ ಮಿಲಿಯನೇರ್’ ಚಿತ್ರದ ಮೂಲಕ ಅದು ನಮ್ಮ ದೇಶದ ಮನೆಮನೆಗೂ ಬಂದಿತು. ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಕ್ಲ್ಯಾಷ್ ಮೇಳದ ಹೆಸರು ತಿಳಿಯದೆಯೇ ಆ ಸ್ವರಗಳನ್ನು ಗುನುಗಿರುವರು. ಗಂಡಸರು ನಾಲ್ವರು ಪರರಿಗಾಗಿ ಹಾಡಿದುದನ್ನು, ಆ ‘ಪರ’ರಲ್ಲಿಯೇ ಒಬ್ಬಳು ಎತ್ತಿಕೊಂಡು ತನ್ನ ಮಾತಾಗಿ ಮಾಡಿದಳು. ಪಿತ್ರಾರ್ಜಿತವು ಸಲ್ಲಬೇಕಾದ ಕೈಗೆ ಸಂದುದೆಂದರೆ ಇದೇ.

ಹಾಡಿನ ಮಾತು ಇಷ್ಟಾಯಿತು. ಆದರೆ ಮಾತಿನಲ್ಲಿ ಪರದುಃಖವನ್ನು ಹೇಳುವುದು ಸುಲಭ; ಅದಕ್ಕಾಗಿ ತನ್ನ ಗಂಟನ್ನು ಬಿಚ್ಚಿದ್ದುಂಟೆ ಎಂದು ತರುಣರು ಕೇಳುತ್ತಾರೆ. ಕೇಳುವುದು ನ್ಯಾಯ. ನಡತೆಯ ಸಾಕ್ಷ್ಯವಿಲ್ಲದ ಉಪದೇಶವನ್ನು ಮಕ್ಕಳು ಒಪ್ಪುವುದಿಲ್ಲವೆಂಬುದನ್ನು ತರಗತಿಯಲ್ಲಿ ನಿಂತ ಪ್ರತಿಯೊಬ್ಬ ಉಪಾಧ್ಯಾಯನೂ ಬಲ್ಲನು.

ಸಾಕ್ಷ್ಯವಿದೆ. ‘ಲಂಡನ್ ಕಾಲಿಂಗ್’ ಎರಡು ತಟ್ಟೆಗಳ ಸಂಪುಟ. ಅದನ್ನು ಒಂದು ತಟ್ಟೆಯ ಬೆಲೆಗೆ ಮಾರಬೇಕೆಂದು ಮೇಳವು ಕಂಪನಿಯೊಡನೆ ಹಟ ಹಿಡಿದು ಗೆದ್ದಿತು. ‘ಸ್ಯಾಂಡಿನೀಸ್ತಾ’ ಮೂರು ತಟ್ಟೆಗಳು, ಮೂವತ್ತಾರು ಹಾಡುಗಳು. ಅದನ್ನೂ ಅಗ್ಗವಾಗಿ ಕೊಡುವುದಕ್ಕಾಗಿ ಮೊದಲನೆಯ ೨,೦೦,೦೦೦ ಪ್ರತಿಗಳ ಮೇಲಿನ ತಮ್ಮ ಗೌರವಧನವನ್ನು ಬಿಟ್ಟುಕೊಟ್ಟರು. ಕೊಳ್ಳುವವನು ಕೆಲಸವಿಲ್ಲದ ಹುಡುಗನೆಂಬುದನ್ನು ಅವರು ಮರೆಯಲಿಲ್ಲ. ವೀರರಸದಲ್ಲಿ ಯುದ್ಧವೀರದೊಡನೆ ದಾನವೀರ, ದಯಾವೀರಗಳನ್ನೂ ನಮ್ಮವರು ಎಣಿಸಿರುವುದು ಸುಮ್ಮನಲ್ಲ. ರಂಗದ ಮೇಲಿನ ಯುದ್ಧವೇಷವನ್ನು ಕಾಲವು ಕಳಚಿ ಹಾಕಿದೆ. ಬೆಲೆಯ ಚೀಟಿಯಲ್ಲಿ ತೋರಿದ ದಾನವು ಉಳಿದಿದೆ.

ನಮ್ಮವರಿಗೆ ಇನ್ನೂ ಹತ್ತಿರವಾದ ಸಂಗತಿಯೊಂದಿದೆ. ಪಂಜಾಬಿಗಳು ಬಹುಸಂಖ್ಯೆಯಲ್ಲಿ ನೆಲೆಸಿರುವ ಲಂಡನ್ನಿನ ಸೌಥಾಲಿನಲ್ಲಿ ೧೯೭೯ರ ಏಪ್ರಿಲ್ ೨೩ರಂದು ನ್ಯಾಷನಲ್ ಫ್ರಂಟ್ ಪಕ್ಷವು ಸಭೆ ಸೇರಿತು. ಅದನ್ನು ವಿರೋಧಿಸಿ ಬೀದಿಗಿಳಿದ ಜನರ ಮೇಲೆ ಪೋಲೀಸರು ಬಿದ್ದರು. ಬ್ಲೇರ್ ಪೀಚ್ ಎಂಬ ಉಪಾಧ್ಯಾಯನು ಪೆಟ್ಟು ತಿಂದು ಸತ್ತನು. ನೂರಾರು ಜನರ ಬಂಧನವಾಯಿತು. ಆ ಬಂಧಿತರ ಪರವಾಗಿ ನ್ಯಾಯಾಲಯದ ವೆಚ್ಚಕ್ಕೆ ಹಣ ಕೂಡಿಸಲು ಜುಲೈಯಲ್ಲಿ ರೇನ್‌ಬೋ ರಂಗಮಂದಿರದಲ್ಲಿ ನಡೆದ ಗಾಯನಗಳಲ್ಲಿ ಕ್ಲ್ಯಾಷ್ ಮೇಳವೂ ಹಾಡಿತು. ಹಿಂದಿನ ವರ್ಷ ವಿಕ್ಟೋರಿಯಾ ಪಾರ್ಕಿನ ಸಭೆಯಲ್ಲಿ ಅವರನ್ನು ಕೇಳಲು ಬಂದ ಎಂಬತ್ತು ಸಾವಿರಕ್ಕೆ ಕಡಮೆಯಿಲ್ಲದ ಜನರಲ್ಲಿ ಬಿಲ್ಲಿ ಬ್ರ್ಯಾಗ್ ಎಂಬ ಇಪ್ಪತ್ತರ ತರುಣನಿದ್ದನು. ಅವನು ಮುಂದೆ ಹೆಸರಾಂತ ಗಾಯಕನಾಗಿ, ತನ್ನ ಬಾಳಿನ ದಿಕ್ಕನ್ನು ಆ ದಿನವು ತಿರುಗಿಸಿತೆಂದು ಹೇಳಿರುವನು. ಅವನನ್ನು ತಿರುಗಿಸಿದುದು ಹಾಡೊಂದೇ ಅಲ್ಲ. ತನ್ನಂತೆಯೇ ಯೋಚಿಸುವವರು ಇಷ್ಟು ಮಂದಿ ಇರುವರೆಂಬ ಕಾಣ್ಕೆ.

ಎರಡನೆಯ ಆಕ್ಷೇಪವು ಉಳಿದಿದೆ: ಬಂಡಾಯವು ಸರಕಾಯಿತೆಂಬುದು. ಇದು ನಿಜ, ನಷ್ಟವೂ ನಿಜ. ೧೯೮೨ರ ‘ರಾಕ್ ದ ಕಾಸ್ಬಾ’ ಎಂಬುದು, ಸಂಗೀತವನ್ನು ನಿಷೇಧಿಸಿದ ದೊರೆಯ ಆಜ್ಞೆಯನ್ನು ಪ್ರಜೆಗಳೂ ವಿಮಾನ ಹಾರಿಸುವ ಯೋಧರೂ ಮೀರುವ ವಿನೋದದ ಹಾಡು. ೧೯೯೧ರ ಕೊಲ್ಲಿ ಯುದ್ಧದಲ್ಲಿ ಅದರ ಹೆಸರನ್ನು ಅಮೆರಿಕದವರು ಬಾಂಬಿನ ಮೇಲೆ ಬರೆದರೆಂಬ ವರದಿಯಿದೆ; ಅದನ್ನು ಕೇಳಿ ಸ್ಟ್ರಮ್ಮರನು ಕಣ್ಣೀರಿಟ್ಟನೆಂದೂ ಹೇಳುತ್ತಾರೆ. ಕೃತಿಯು ಕರ್ತೃವಿನ ಕೈಬಿಟ್ಟ ಮೇಲೆ ಅದರ ನಡತೆಗೆ ಕರ್ತೃವು ಹೊಣೆಯಾಗಲಾರನು. ಆದರೆ ಷರಾಯಿಯ ಜಾಹೀರಾತಿಗೆ ಒಪ್ಪಿಗೆ ಕೊಟ್ಟಾಗ ಹೊಣೆಯುಂಟು. ಬೆಲೆ ಇಳಿಸಿದ ಕೈಯೇ ಬೆಲೆ ಪಡೆದ ಕೈಯೂ ಆಯಿತೆಂಬುದನ್ನು ಮರೆಮಾಚದೆ ಮಕ್ಕಳಿಗೆ ಹೇಳಬೇಕು. ಪೂರ್ವಿಕರ ಆಸ್ತಿಯೊಡನೆ ಅವರ ಸಾಲದ ಪತ್ರಗಳನ್ನೂ ಒಪ್ಪಿಸುವುದೇ ಪ್ರಾಮಾಣಿಕವಾದ ಹಸ್ತಾಂತರ.

ಅಂತೂ, ವಿಚಿತ್ರವೆಂದರೆ, ಜಾಹೀರಾತಿನಿಂದ ಕೆಟ್ಟಿತೆಂದ ಅದೇ ಹಾಡು ೨೦೧೬ರ ‘ಸ್ಟ್ರೇಂಜರ್ ಥಿಂಗ್ಸ್’ ಎಂಬ ಅಮೆರಿಕದ ದೂರದರ್ಶನದ ಕಥೆಯಲ್ಲಿ ಕಾಣಿಸಿಕೊಂಡು ಹೊಸ ಮಕ್ಕಳ ಕಿವಿಗೆ ಬಿದ್ದಿತು. ಅಲ್ಲಿ ತಂದೆತಾಯಿಗಳ ಜಗಳವು ಕೇಳಿಬರುತ್ತಿರುವಾಗ ಅಣ್ಣನು ತಮ್ಮನಿಗೆ ಆ ಹಾಡನ್ನು ಹಾಕಿ ಕೇಳಿಸುತ್ತಾನೆ. ಮುಂದೆ ಆ ಬಾಲಕನು ಕತ್ತಲಲೋಕದಲ್ಲಿ ಸಿಕ್ಕಿಬಿದ್ದಾಗ ಅದನ್ನೇ ಹಾಡಿಕೊಂಡು ಧೈರ್ಯ ತಂದುಕೊಳ್ಳುತ್ತಾನೆ. ಅಣ್ಣನು ಉಪನ್ಯಾಸ ಮಾಡಲಿಲ್ಲ. ಇದು ಶ್ರೇಷ್ಠವಾದುದು, ನೀನು ಗೌರವಿಸತಕ್ಕುದು ಎನ್ನಲಿಲ್ಲ. ತಮ್ಮನಿಗೆ ಬೇಕಾದ ಹೊತ್ತಿನಲ್ಲಿ ಕೈಗಿತ್ತನು. ಹಳೆಯದನ್ನು ದಾಟಿಸುವ ಬಗೆಯನ್ನು ಇದಕ್ಕಿಂತ ಚೆನ್ನಾಗಿ ನಾನು ಬೋಧನಶಾಸ್ತ್ರದ ಯಾವ ಗ್ರಂಥದಲ್ಲಿಯೂ ಓದಿಲ್ಲ.

ಆ ನಾಡಿನ ಹಿರಿಯರಿಗೂ ನಮ್ಮ ಮನೆಗಳ ಹಿರಿಯರಿಗೂ ಈ ಭಾಗದಲ್ಲಿ ಪಾಠವಿದೆ. ನಮ್ಮ ಕಾಲದ ಕೂಗಿನಂಥ ಕೂಗು ಈಗಿಲ್ಲವೆಂದು ಅವರು ಹಲುಬುತ್ತಾರೆ. ನಮ್ಮ ಕಾಲದ ವ್ಯುತ್ಪತ್ತಿಯಂಥ ವ್ಯುತ್ಪತ್ತಿ ಈಗಿಲ್ಲವೆಂದು ನಾವು ಹಲುಬುತ್ತೇವೆ. ಹಳೆಯದೆಂದ ಮಾತ್ರಕ್ಕೆ ಒಳ್ಳೆಯದಾಗದು, ಹೊಸದೆಂದ ಮಾತ್ರಕ್ಕೆ ಕೀಳಾಗದು ಎಂದು ಕಾಳಿದಾಸನು ತನ್ನ ಮೊದಲನೆಯ ನಾಟಕದ ಪ್ರಸ್ತಾವನೆಯಲ್ಲಿಯೇ ಸೂತ್ರಧಾರನ ಬಾಯಲ್ಲಿ ಹೇಳಿಸಿರುವನು. ಆಗ ಕಾಳಿದಾಸನೇ ಹೊಸಬನು! ಮಕ್ಕಳು ಪರೀಕ್ಷಿಸಿ ಒಪ್ಪಲಿ, ಪರೀಕ್ಷಿಸಿ ಬಿಡಲಿ. ಪರೀಕ್ಷೆಗೆ ಅಂಜುವ ಪರಂಪರೆಯು ಆಗಲೇ ಅರ್ಧ ಸತ್ತುದು. ಕಿರಿಯರಿಗೂ ಒಂದು ಮಾತನ್ನು ಹೇಳಬಹುದು: ತ್ಯಜಿಸುವ ಮುನ್ನ ಒಮ್ಮೆ ಕೇಳಿರಿ, ಗದ್ದಲವನ್ನಲ್ಲ, ಗದ್ದಲವು ಯಾರಿಗಾಗಿ ಎಂಬುದನ್ನು.

೨೦೦೨ರ ನವೆಂಬರ್ ೧೫ರಂದು, ಮುಷ್ಕರ ಹೂಡಿದ್ದ ಅಗ್ನಿಶಾಮಕ ಕೆಲಸಗಾರರ ಸಹಾಯಾರ್ಥವಾಗಿ ಸ್ಟ್ರಮ್ಮರನು ಲಂಡನ್ನಿನ ಆಕ್ಟನ್ ಪುರಭವನದಲ್ಲಿ ಹಾಡಿದನು. ತಾನು ಹಿಂದೆ ಹೊರಹಾಕಿದ್ದ ಮಿಕ್ ಜೋನ್ಸ್ ಶ್ರೋತೃಗಳ ನಡುವಿನಿಂದ ಎದ್ದು ಬಂದು, ಸುಮಾರು ಇಪ್ಪತ್ತು ವರ್ಷಗಳ ಮೇಲೆ ಅವನೊಡನೆ ರಂಗದ ಮೇಲೆ ನಿಂತನು. ಡಿಸೆಂಬರ್ ೨೨ರಂದು ಸ್ಟ್ರಮ್ಮರನು ಐವತ್ತನೆಯ ವಯಸ್ಸಿನಲ್ಲಿ ಹೃದಯದ ದೋಷದಿಂದ ತೀರಿಕೊಂಡನು. ತಮ್ಮತಮ್ಮೊಳಗಿನ ಕೋಪವು ಅವರೊಡನೆಯೇ ತೀರಿತು. ಬೆಂಕಿಯಾರಿಸುವ ಬಡ ಕೆಲಸಗಾರನಿಗಾಗಿ ಎತ್ತಿದ ದನಿಯು ಮಾತ್ರ ಅಂದು ಇಬ್ಬರನ್ನೂ ಒಂದುಗೂಡಿಸಿತು.

ಆದುದರಿಂದ ಸಿದ್ಧಾಂತವಿಷ್ಟು: ಕೋಪವು ಪಿತ್ರಾರ್ಜಿತವಾಗದು, ಅದು ತನಗಾಗಿ ಹುಟ್ಟಿದ್ದಾದರೆ. ಪರರಿಗಾಗಿ ಹುಟ್ಟಿ, ನಡತೆಯಲ್ಲಿ ಬೆಲೆ ತೆತ್ತು, ತನ್ನ ತಪ್ಪಿನ ಲೆಕ್ಕವನ್ನು ಮುಚ್ಚಿಡದೆ ಬಂದುದಾದರೆ ಆಗಬಲ್ಲುದು. ಕ್ಲ್ಯಾಷ್ ಮೇಳದ ಭಂಡಾರದಲ್ಲಿ ಈ ಎರಡು ಬಗೆಯ ನಾಣ್ಯಗಳೂ ಇವೆ. ಆರಿಸಿಕೊಳ್ಳುವ ಕೆಲಸವು ಕಿರಿಯರದು. ಭಂಡಾರದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂರದಿರುವುದು ಹಿರಿಯರ ಕೆಲಸ.